ಮನೆಯ ಅನುಕೂಲಗಳು ಮತ್ತು ಅವುಗಳ ಬೆಲೆ

‘ಅನುಕೂಲ’ ಎಂಬ ಶಬ್ದವನ್ನು ಈಗಿನ ಗೃಹಸ್ಥರು ದಿನಕ್ಕೆ ಹತ್ತು ಸಲವಾದರೂ ನುಡಿಯುವರು. ನಳವು ಮನೆಯೊಳಗೆ ಬಂದಿತು, ಅನುಕೂಲವಾಯಿತು. ಗಿರಣಿಯು ಓಣಿಯಲ್ಲಿಯೇ ಆಯಿತು, ಅನುಕೂಲವಾಯಿತು. ಕಟ್ಟಿಗೆ ಒಡೆಯುವದು ತಪ್ಪಿತು, ಅನುಕೂಲವಾಯಿತು. ಆದರೆ ಶಬ್ದದ ಮೂಲಾರ್ಥವನ್ನು ವಿಚಾರಿಸುವವರು ವಿರಳ. ಸಂಸ್ಕೃತದಲ್ಲಿ ‘ಕೂಲ’ವೆಂದರೆ ದಂಡೆ. ದಂಡೆಗುಂಟ ಸಾಗುವದು ಅನುಕೂಲ. ದಂಡೆಗೆ ಇದಿರಾಗಿ ಸಾಗುವದು ಪ್ರತಿಕೂಲ. ಹೀಗೆ ನಮ್ಮ ಸುಖದ ಶಬ್ದವು ಹುಟ್ಟಿದ್ದೇ ನೀರಿನ ಮಗ್ಗುಲಲ್ಲಿ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗಳ ಯಾವುದಾದರೊಂದು ಕೆರೆಯ ದಂಡೆಯ ಮೇಲೆ ನಿಂತು ಯೋಚಿಸಿದರೆ, ಮನೆಯೊಳಗೆ ಬಂದ ಒಂದೊಂದು ಅನುಕೂಲವೂ ಆ ದಂಡೆಯಿಂದ ಒಬ್ಬೊಬ್ಬ ಮನುಷ್ಯನನ್ನು ಎಬ್ಬಿಸಿಕೊಂಡು ಹೋದಂತೆ ನಮಗೆ ತೋರುತ್ತದೆ. ಆ ಸಂಗತಿಯನ್ನೇ ಇಲ್ಲಿ ಓದುಗರ ಮುಂದಿಡುವೆವು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವದು ಒಳ್ಳೆಯದು. ಹಿಂದಿನದೆಲ್ಲ ಚಿನ್ನ, ಈಗಿನದೆಲ್ಲ ಕಬ್ಬಿಣವೆಂದು ಗೋಳಿಡುವವರ ಗುಂಪಿಗೆ ನಾವು ಸೇರಿದವರಲ್ಲ. ಹೊಗೆ ತುಂಬಿದ ಅಡಿಗೆಮನೆಯಲ್ಲಿ ಕೆಮ್ಮುತ್ತ, ಕಣ್ಣೊರಸಿಕೊಳ್ಳುತ್ತ ರೊಟ್ಟಿ ಬಡಿದ ತಾಯಂದಿರ ಕೈಯನ್ನವನ್ನು ಉಂಡು ಬೆಳೆದವರು ಆ ಒಲೆಯನ್ನು ಹೊಗಳುವದಕ್ಕೆ ನಾಚಬೇಕು. ಬೇಸಿಗೆಯಲ್ಲಿ ಸೇದುವ ಬಾವಿಯ ತಳ ಕಂಡಾಗ ನಸುಕಿನಲ್ಲಿ ಎದ್ದು, ತಲೆಯ ಮೇಲೊಂದು ಟೊಂಕದ ಮೇಲೊಂದು ಕೊಡ ಹೊತ್ತು ದೂರ ನಡೆದವರು ಗಂಡಸರಲ್ಲ. ಬಾವಿಯ ಹಗ್ಗದ ಸೊಬಗನ್ನು ಕುರಿತು ಬರೆಯುವವರು ಮಾತ್ರ ಬಹುಮಟ್ಟಿಗೆ ಗಂಡಸರೇ. ಆದುದರಿಂದ ಅನುಕೂಲಗಳು ಬೇಡವೆಂಬುದು ನಮ್ಮ ವಾದವಲ್ಲ. ಅಂಗಡಿಯಲ್ಲಿ ಕೊಟ್ಟ ಹಣವನ್ನು ಮನೆಯ ಯಜಮಾನನು ಲೆಕ್ಕದ ವಹಿಯಲ್ಲಿ ಬರೆದಿಡುವನು. ಅನುಕೂಲಕ್ಕಾಗಿ ಕೊಟ್ಟ ಬೇರೊಂದು ಬೆಲೆಯು ಯಾರ ವಹಿಯಲ್ಲಿಯೂ ಏರಿಲ್ಲ. ಅದನ್ನು ಒಮ್ಮೆಯಾದರೂ ಬರೆದು ನೋಡೋಣವೆಂಬುದಷ್ಟೇ ನಮ್ಮ ಉದ್ದೇಶ.

ಈ ಸೀಮೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಈ ನಾಲ್ಕೂ ತಾಲೂಕುಗಳು ಮೊದಲು ಧಾರವಾಡ ಜಿಲ್ಲೆಯಲ್ಲಿದ್ದು, ೧೯೯೭ನೆಯ ಇಸವಿಯಿಂದ ಹಾವೇರಿ ಜಿಲ್ಲೆಗೆ ಸೇರಿವೆ. ಸವಣೂರು ೧೯೪೮ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ಪಡುವಲಿಗಿರುವ ಹಾನಗಲ್ಲವು ಮಲೆನಾಡಿನ ಸೆರಗು. ಅಲ್ಲಿ ಬತ್ತ, ಮಾವು. ಮೂಡಲಿಗಿರುವ ಸವಣೂರು ಬಯಲುಸೀಮೆ. ಅಲ್ಲಿ ಜೋಳ, ಹತ್ತಿ, ಹೆಸರಾದ ವೀಳ್ಯದೆಲೆ. ವರದೆ, ಧರ್ಮೆ, ಕುಮುದ್ವತಿ ಎಂಬ ಹೊಳೆಗಳು ಈ ನಾಡಿನಲ್ಲಿ ಹರಿಯುತ್ತಿದ್ದರೂ ಹೊಳೆಯು ಎಲ್ಲ ಊರುಗಳ ಬಾಗಿಲಿಗೆ ಬರುವದಿಲ್ಲ. ಆ ಕಾರಣದಿಂದ ಹಿಂದಿನವರು ಊರೂರಿಗೆ ಕೆರೆ ಕಟ್ಟಿದರು. ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿಯ ಕೆರೆಯಿದೆ. ಶಾಸನಗಳಲ್ಲಿ ಪಾನುಂಗಲ್ಲೆಂದು ಕರೆಯಿಸಿಕೊಂಡ ಹಾನಗಲ್ಲಿಗೆ ಆನಿಕೆರೆ. ಸವಣೂರಿಗೆ ಮೋತಿ ತಲಾಬ. ಮಾಸೂರ ಬಳಿಯಲ್ಲಿ ಕುಮುದ್ವತಿಯು ಗುಡ್ಡಗಳ ಸಂದಿನಲ್ಲಿ ನುಸುಳುವ ಎಡೆಗೆ ಅಡ್ಡಲಾಗಿ ವಿಜಯನಗರದ ಕಾಲದ ಮದಗದ ಕೆರೆ. ಇಂಥ ಕೆರೆಗಳನ್ನು ಕಟ್ಟಿಸಿದವರ ಹೆಸರು ಅಲ್ಲಲ್ಲಿ ಕಲ್ಲಿನ ಮೇಲೆ ಉಳಿದಿರುವದುಂಟು. ವರುಷ ವರುಷವೂ ಅವುಗಳನ್ನು ಹೂಳದಂತೆ ಕಾಯ್ದವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ಯಾಕಂದರೆ ಅವರು ಕೆರೆಯನ್ನು ಕಾಯುತ್ತೇವೆಂದು ಕಾಯ್ದವರಲ್ಲ; ತಮ್ಮ ಮನೆಯ ಗರಜಿಗಾಗಿ ಕೆರೆಗೆ ಹೋದವರು.

ಮನೆಯ ನೆತ್ತಿಯಿಂದಲೇ ಪ್ರಾರಂಭಿಸುವೆವು. ಹಾನಗಲ್ಲಿನ ಕಡೆ ಮಳೆ ಹೆಚ್ಚಾದುದರಿಂದ ಹಂಚಿನ ಮನೆಗಳೇ ಬಹಳ. ಸವಣೂರು, ಶಿಗ್ಗಾವಿಗಳ ಕಡೆಗೆ ಮಣ್ಣಿನ ಮಾಳಿಗೆಯ ಮನೆಗಳು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಿಕ್ಕ ತುಂಡುಗಳು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆ. ಈ ಮಾಳಿಗೆಗೆ ಒಂದು ಚಟವಿತ್ತು: ವರುಷಕ್ಕೊಮ್ಮೆ ಯಜಮಾನನನ್ನು ಮೇಲಕ್ಕೆ ಕರೆಯಿಸಿಕೊಳ್ಳುತ್ತಿತ್ತು. ಮುಂಗಾರಿನ ಮೊದಲು ಬಿರುಕು ನೋಡಿ, ಇಲಿ ತೋಡಿದ ಬಿಲ ಮುಚ್ಚಿ, ಹೊಸ ಮಣ್ಣು ಹರವಿ ಬಡಿಯದಿದ್ದರೆ ಆರಿದ್ರೆಯ ಮಳೆಗೆ ದೇವರಮನೆಯಲ್ಲಿ ಬೋಗುಣಿಗಳನ್ನು ಸಾಲಾಗಿ ಇಡಬೇಕಾಗುತ್ತಿತ್ತು. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು (೧೮೧೯–೧೮೮೯) ಸೋರುವ ಮಾಳಿಗೆಯನ್ನೇ ಹಿಡಿದು ತತ್ತ್ವಪದ ಕಟ್ಟಿದ್ದನ್ನು ಕನ್ನಡಿಗರೆಲ್ಲ ಬಲ್ಲರು. ಆ ಪದದ ತತ್ತ್ವ ದೊಡ್ಡದು, ನಿಜ. ಆದರೆ ಕೇಳಿದವರ ಮನಸ್ಸಿಗೆ ಅದು ಥಟ್ಟನೆ ನಾಟಿದ್ದಕ್ಕೆ ಅವರವರ ಮನೆಯ ಬೋಗುಣಿಗಳೂ ಕಾರಣವಾಗಿದ್ದಿರಬೇಕೆಂದು ನಮ್ಮ ಊಹೆ.

ಈಗ ಮಾಳಿಗೆಯ ಸ್ಥಾನದಲ್ಲಿ ಸಿಮೆಂಟಿನ ಸ್ಲ್ಯಾಬು ಬಂದಿದೆ. ಅದು ಸೋರುವದಿಲ್ಲ, ಅಥವಾ ಬಹಳ ವರುಷ ಸೋರುವದಿಲ್ಲ. ಇಲಿಯ ಕಾಟವಿಲ್ಲ, ವರುಷಕ್ಕೊಮ್ಮೆ ಬಡಿಯುವ ಗೋಜಿಲ್ಲ. ಆದರೆ ದಪ್ಪ ಮಣ್ಣು ಹಗಲಿನ ಬಿಸಿಲನ್ನು ಮೇಲೆಯೇ ತಡೆಯುತ್ತಿತ್ತು. ಸ್ಲ್ಯಾಬು ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿ ಮಲಗಿದವರ ಮೇಲೆ ಉಗುಳುತ್ತದೆ. ಅದಕ್ಕಾಗಿ ಫ್ಯಾನು ಬಂದಿತು. ಫ್ಯಾನಿಗಾಗಿ ಕರೆಂಟು ಬೇಕು. ಕರೆಂಟು ಹೋದಾಗ ಫ್ಯಾನು ತಿರುಗಬೇಕಾದರೆ ಇನ್‌ವರ್ಟರು ಬೇಕು. ಅದರ ಬ್ಯಾಟರಿಗೆ ಆಗಾಗ್ಗೆ ನೀರು, ಕೆಲವು ವರುಷಕ್ಕೊಮ್ಮೆ ಹೊಸ ಬ್ಯಾಟರಿ. ೨೦೨೩ರಿಂದ ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ ಮಿತವಾಗಿ ಬಳಸುವ ಮನೆಗಳಿಗೆ ೨೦೦ ಯೂನಿಟ್ಟುಗಳ ಒಳಗೆ ಬಿಲ್ಲಿನ ಭಾರವು ತಪ್ಪಿದೆ. ಬಡವರಿಗೆ ಇದು ಉಪಕಾರವೇ. ಆದರೂ ಹಳೆಯ ಮಾಳಿಗೆಯ ತಂಪಿಗೆ ತಂತಿಯ ಹಂಗಿರಲಿಲ್ಲ. ಅದು ಹುಬ್ಬಳ್ಳಿಯ ಹೆಸ್ಕಾಂ ಕಚೇರಿಯನ್ನು ಕೇಳಿ ಬರುತ್ತಿರಲಿಲ್ಲ.

ಇಷ್ಟಾದರೂ ಇದು ಮನೆಯೊಳಗಿನ ಲೆಕ್ಕ. ಮನೆಯ ಹೊರಗಿನ ಲೆಕ್ಕವು ಇದಕ್ಕಿಂತ ದೊಡ್ಡದು. ಮಾಳಿಗೆಯ ಮೇಲೆ ಹರವುವ ಮಣ್ಣು ಎಲ್ಲಿಂದ ಬರುತ್ತಿತ್ತು? ಅನೇಕ ಊರುಗಳಲ್ಲಿ ಬತ್ತಿದ ಕೆರೆಯ ಅಂಗಳದಿಂದ. ಗೋಡೆಯ ಹಸಿ ಇಟ್ಟಂಗಿಯ ಮಣ್ಣು ಅಲ್ಲಿಯದೇ. ಕುಂಬಾರನ ಹರವಿ, ಗಡಿಗೆ, ಕೊಡಗಳ ಮಣ್ಣೂ ಅಲ್ಲಿಯದೇ. ಎಲ್ಲಕ್ಕಿಂತ ಹೆಚ್ಚಾಗಿ, ಹೊಲಕ್ಕೆ ಹಾಕುವ ಗೋಡು ಕೆರೆಯದು. ಮಳೆಯ ನೀರು ಹೊಲಹೊಲಗಳ ಮೇಲ್ಮಣ್ಣನ್ನು ತೊಳೆದು ತಂದು ಕೆರೆಯಲ್ಲಿ ಇಳಿಸುತ್ತದೆ. ಸೊಪ್ಪು, ಸೆಗಣಿ, ಮೀನು, ಹಾವಸೆಗಳೆಲ್ಲ ಅದರಲ್ಲಿ ಕೊಳೆತು ಅದು ಸಾರವುಳ್ಳ ಗೊಬ್ಬರವಾಗುತ್ತದೆ. ಯುಗಾದಿಯ ಮುಂದೆ ಕೆರೆ ಬತ್ತಿದೊಡನೆ ಒಕ್ಕಲಿಗರು ಚಕ್ಕಡಿ ಕಟ್ಟಿಕೊಂಡು ಹೋಗಿ ಈ ಗೋಡನ್ನು ಹೇರಿ ತಂದು ಹೊಲದಲ್ಲಿ ಚೆಲ್ಲುತ್ತಿದ್ದರು. ಹೊಲದಿಂದ ಹರಿದು ಹೋದದ್ದು ಹೊಲಕ್ಕೇ ಹಿಂದಿರುಗುತ್ತಿತ್ತು. ಕೆರೆಯ ಹೊಟ್ಟೆ ಖಾಲಿಯಾಗುತ್ತಿತ್ತು. ಹೂಳೆತ್ತುವ ಗುತ್ತಿಗೆಯಿಲ್ಲ, ಟೆಂಡರಿಲ್ಲ, ಬಿಲ್ಲು ಬರೆಯುವ ಇಂಜಿನಿಯರನಿಲ್ಲ.

ಈ ಏರ್ಪಾಡು ಒಂದು ದಿನ ಯಾರ ಆಜ್ಞೆಯಿಂದಲೂ ನಿಂತದ್ದಲ್ಲ. ಯೂರಿಯಾದ ಚೀಲ ಬಂದಿತು. ಒಂದು ಚೀಲವನ್ನು ಸಾಯಕಲ್ಲಿನ ಮೇಲೆ ಹೇರಿಕೊಂಡು ಬರಬಹುದಾಗಿರುವಾಗ ಹತ್ತಾರು ಚಕ್ಕಡಿ ಗೋಡು ಹೊಡೆಯುವ ಮೂರ್ಖನು ಯಾರು? ಟ್ರ್ಯಾಕ್ಟರು ಬಂದಿತು. ಬಂಕಾಪುರದ ಕೋಟೆಯೊಳಗೆ ಕಿಲಾರಿ ತಳಿಯ ದನಗಳನ್ನು ಸಾಕುವ ಸರಕಾರಿ ಕೇಂದ್ರವಿದೆಯೆಂದು ಈ ಸೀಮೆಯವರು ಅಭಿಮಾನದಿಂದ ಹೇಳುವರಾದರೂ, ಜೋಡೆತ್ತು ಕಟ್ಟಿ ಮೇಯಿಸುವ ಮನೆಗಳು ಕಡಿಮೆಯಾಗುತ್ತ ಬಂದವು. ಎತ್ತು ಹೋಯಿತು, ಚಕ್ಕಡಿ ಹೋಯಿತು. ಸ್ಲ್ಯಾಬು ಬಂದು ಮಾಳಿಗೆಯ ಮಣ್ಣು ಬೇಡವಾಯಿತು, ಸುಟ್ಟ ಇಟ್ಟಂಗಿ ಮತ್ತು ಸಿಮೆಂಟಿನ ಬ್ಲಾಕು ಬಂದು ಗೋಡೆಯ ಮಣ್ಣು ಬೇಡವಾಯಿತು, ಪ್ಲಾಸ್ಟಿಕ್ಕಿನ ಕೊಡ ಬಂದು ಕುಂಬಾರನ ಮಣ್ಣು ಬೇಡವಾಯಿತು. ಪ್ರತಿಯೊಬ್ಬನೂ ತನ್ನ ಮನೆಗೆ ಯೋಗ್ಯವಾದದ್ದನ್ನೇ ಆರಿಸಿಕೊಂಡನು, ಯಾರನ್ನೂ ದೂಷಿಸುವಂತಿಲ್ಲ. ಆದರೆ ಕೆರೆಯಲ್ಲಿ ಮಾತ್ರ ಮಳೆಗಾಲವು ಹೂಳನ್ನು ತರುವದನ್ನು ಬಿಡಲಿಲ್ಲ. ತರುವ ಕೈ ಹಾಗೆಯೇ ಉಳಿಯಿತು, ಒಯ್ಯುವ ಕೈಗಳು ಒಂದೊಂದಾಗಿ ಹೋದವು. ಹತ್ತಾಳು ನೀರು ನಿಲ್ಲುವಲ್ಲಿ ಮೊಣಕಾಲು ನೀರು ನಿಲ್ಲತೊಡಗಿತೆಂದರೆ ಅದು ವರುಣನ ಅಪರಾಧವಲ್ಲ.

ಕೆರೆಯ ನೀರು ಕಡಿಮೆಯಾದರೆ ಸುತ್ತಣ ಬಾವಿಗಳ ನೀರೂ ಇಳಿಯುವದು. ಕೆರೆಯ ಒರತೆಯೇ ಅವುಗಳ ಮೊಲೆಹಾಲು. ಬಾವಿ ಇಳಿದಾಗ ಬೋರು ಬಂದಿತು. ಕೊಳವೆಬಾವಿಯೆಂಬ ಅಚ್ಚಗನ್ನಡದ ಹೆಸರಿದ್ದರೂ ಜನರ ಬಾಯಲ್ಲಿ ಅದು ಬೋರೇ. ತೆರೆದ ಬಾವಿಯ ವಿಶೇಷವೇನೆಂದರೆ, ಇಣಿಕಿ ನೋಡಿದರೆ ನೀರು ಎಷ್ಟಿದೆಯೆಂಬುದು ಮಗುವಿಗೂ ತಿಳಿಯುತ್ತಿತ್ತು. ಮೆಟ್ಟಿಲು ಕಾಣತೊಡಗಿದೊಡನೆ ಅತ್ತೆಯು ಸೊಸೆಗೆ, “ನೀರು ನೋಡಿ ಬಳಸವ್ವಾ, ಬಾವಿ ಇಳದೈತಿ” ಎನ್ನುತ್ತಿದ್ದಳು. ಬೋರಿನೊಳಗೆ ಇಣಿಕಿದರೆ ಏನೂ ಕಾಣಿಸದು. ನೂರಾರು ಅಡಿಯ ಕೆಳಗಿನ ಉಳಿತಾಯವು ಎಷ್ಟು ಕರಗಿತೆಂಬುದು ಮೋಟಾರು ಗಾಳಿ ಉಗುಳಿದ ದಿವಸವೇ ತಿಳಿಯುವದು. ಕಣ್ಣಿಗೆ ಕಾಣದ ಖಜಾನೆಯನ್ನು ಹಿಡಿದು ಸಂಸಾರ ಮಾಡುವವನು ಜಾಣನಾದರೂ ದುಂದುಗಾರನಾಗುವನು.

ಇದಕ್ಕೆ ಇನ್ನೊಂದು ಅನುಕೂಲವು ಬಂದು ಜೊತೆಗೂಡಿತು. ಕರ್ನಾಟಕದಲ್ಲಿ ೨೦೦೮ರಿಂದ ೧೦ ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಆದರೆ ಹೊಲಕ್ಕೆ ಮೂರು ಫೇಜಿನ ಕರೆಂಟು ದಿನದಲ್ಲಿ ಕೆಲವೇ ತಾಸು ಬರುವದು, ಅದೂ ಬಹಳ ಸಲ ರಾತ್ರಿಯಲ್ಲಿ. ನಡುರಾತ್ರಿಯಲ್ಲಿ ಬ್ಯಾಟರಿ ಹಿಡಿದು ಹಾವು-ಚೇಳುಗಳ ನಡುವೆ ಹೊಲಕ್ಕೆ ಹೋಗಿ ಮೋಟಾರು ಹಚ್ಚುವದು ಪ್ರಾಣಾಂತಿಕ ಕೆಲಸ. ಅದಕ್ಕಾಗಿ ಕರೆಂಟು ಬಂದೊಡನೆ ತಾನೇ ಮೋಟಾರನ್ನು ಹಚ್ಚುವ ಆಟೋ ಸ್ಟಾರ್ಟರೆಂಬ ಪೆಟ್ಟಿಗೆಯನ್ನು ರೈತರು ಕೂಡಿಸಿದರು. ಹಾವು ಕಚ್ಚಿ ಮಗನನ್ನು ಕಳೆದುಕೊಂಡ ಮನೆಯವರಿಗೆ ಆ ಪೆಟ್ಟಿಗೆಯ ಬೆಲೆಯನ್ನು ಯಾರು ವಿವರಿಸಬೇಕು? ಆದರೆ ರೈತನು ಮನೆಯಲ್ಲಿ ನಿದ್ರೆ ಹೋಗಿರುವಾಗ, ಬೆಳೆಗೆ ಬೇಕಾಗಲಿ ಬೇಡವಾಗಲಿ, ಕರೆಂಟು ಇರುವಷ್ಟು ಹೊತ್ತೂ ನೀರು ಹರಿಯುತ್ತದೆ. ಒಂದು ತಾಲೂಕಿನಲ್ಲಿ ಇಂಥ ಪೆಟ್ಟಿಗೆಗಳು ಒಂದೇ ಕ್ಷಣಕ್ಕೆ ಎಚ್ಚರಾಗುವವೆಂದು ಭಾವಿಸಿದರೆ, ಬೋರುಗಳು ಯಾಕೆ ಬತ್ತುವವೆಂಬುದಕ್ಕೆ ಬೇರೆ ಶಾಸ್ತ್ರ ನೋಡಬೇಕಾಗಿಲ್ಲ. ಹಗಲು ಹೊತ್ತಿನಲ್ಲಿ ಕರೆಂಟು ಕೊಟ್ಟಿದ್ದರೆ ಈ ಪೆಟ್ಟಿಗೆಯು ಬೇಕಾಗುತ್ತಲೇ ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನು ಅಡಿಗೆಮನೆಗೆ ಬರುವೆವು. ಗ್ಯಾಸಿನ ಒಲೆಯು ಹೆಣ್ಣುಮಕ್ಕಳ ಶ್ವಾಸಕೋಶಗಳಿಗೆ ಮಾಡಿದ ಉಪಕಾರವನ್ನು ಮೇಲೆಯೇ ಒಪ್ಪಿಕೊಂಡಿದ್ದೇವೆ. ೨೦೧೬ರಲ್ಲಿ ಪ್ರಾರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂದಿತು. ಅದು ತೀರಿದಾಗ ಮತ್ತೆ ತುಂಬಿಸುವ ಹಣವಿಲ್ಲದೆ ಕುಳ್ಳು ಕಟ್ಟಿಗೆಗಳಿಗೆ ಹಿಂದಿರುಗುವ ಮನೆಗಳೂ ಉಂಟೆಂಬುದನ್ನು ಹಳ್ಳಿಯ ಓಣಿಯಲ್ಲಿ ಸಂಜೆ ನಡೆದಾಡಿದವರು ಬಲ್ಲರು. ಒಲೆಯೊಂದಿಗೆ ಹೋದದ್ದು ಬೂದಿ. ಪಾತ್ರೆ ತಿಕ್ಕುವದಕ್ಕೆ ಬೂದಿ, ಕಾಳಿಗೆ ಹುಳ ಬೀಳದಂತೆ ಬೂದಿ, ಉಳಿದದ್ದು ತಿಪ್ಪೆಗೆ. ಈಗ ಪಾತ್ರೆಗೆ ಸಾಬೂನಿನ ಬಿಲ್ಲೆ, ಬಟ್ಟೆಗೆ ಪುಡಿ, ಬಚ್ಚಲಿಗೆ ಇನ್ನೊಂದು ದ್ರವ. ಹಿಂದೆ ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಬಸಳೆಯ ಬಳ್ಳಿಗೆ ಹೋಗುತ್ತಿತ್ತು. ಈಗ ಗಟಾರ ಸೇರುತ್ತದೆ; ಗಟಾರವು ಇಳಿಜಾರನ್ನು ಹುಡುಕುತ್ತದೆ; ಊರಿನ ಇಳಿಜಾರಿನ ಕೊನೆಯಲ್ಲಿ ಬಹುತರವಾಗಿ ಇರುವದು ಕೆರೆಯೇ. ಹೂಳು ಎತ್ತುವ ಕೈ ಹೋದ ಮೇಲೆ ನೊರೆ ಬಿಡುವ ಕೈ ಬಂದಿತೆಂದು ಹೇಳಬಹುದು.

ಬೀಸುವ ಕಲ್ಲಿನ ವಿಷಯದಲ್ಲಿ ವಿದ್ವಾಂಸರು ಸುರಿಸುವ ಕಣ್ಣೀರು ನಮಗೆ ಅಷ್ಟಾಗಿ ರುಚಿಸುವದಿಲ್ಲ. ನಸುಕಿನ ನಾಲ್ಕು ಗಂಟೆಗೆ ಎದ್ದು ಜೋಳ ಬೀಸುವ ಹೆಣ್ಣುಮಗಳು ಹಾಡಿದ್ದು ಸುಖಕ್ಕಾಗಿ ಅಲ್ಲ, ರಟ್ಟೆಯ ನೋವನ್ನು ಮರೆಯುವದಕ್ಕಾಗಿ. ಗಿರಣಿಯು ಬಂದು ಆ ನೋವನ್ನು ತೆಗೆಯಿತು. ನೋವಿನೊಂದಿಗೆ ಹಾಡೂ ಹೋಯಿತು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ತಾಯಿ ಬೀಸುತ್ತ ಹಾಡಿದ್ದನ್ನು ಮಗಳು ಪದವಿಗಾಗಿ ಓದುವ ಕಾಲವಿದು. ಇದು ನಷ್ಟವೋ ಲಾಭವೋ ಎಂದು ಕೇಳಿದರೆ, ತಾಯಿಗೆ ಕೂಡ ಓದುವ ಅವಕಾಶವಿದ್ದರೆ ಅವಳೂ ಕಲ್ಲಿಗಿಂತ ಪುಸ್ತಕವನ್ನೇ ಹಿಡಿಯುತ್ತಿದ್ದಳೆಂದು ನಾವು ತಿಳಿಯುತ್ತೇವೆ. ಅದರಂತೆಯೇ ತಂತಿಯ ಮಾತು. ೨೦೧೩ರ ಜುಲೈದಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ತಂತಿ ಬಂದಿತೆಂದರೆ ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಅದಕ್ಕಾಗಿ ಹಂಬಲಿಸುವವರನ್ನು ನಾವು ಇನ್ನೂ ಕಂಡಿಲ್ಲ. ಬೆಂಗಳೂರಿನಲ್ಲಿರುವ ಮಗನ ಮುಖವನ್ನು ಸಂಜೆಗೊಮ್ಮೆ ಫೋನಿನಲ್ಲಿ ಕಾಣುವ ಮುದಿತಾಯಿಗೆ ಅನುಕೂಲದ ಟೀಕೆಯನ್ನು ಹೇಳುವ ಧೈರ್ಯವೂ ನಮಗಿಲ್ಲ.

ನೀರಿನಂತೆಯೇ ಕಾಳಿನ ವಿಷಯದಲ್ಲಿಯೂ ಮನೆಯ ಕೈ ಸಡಿಲಿದ ರೀತಿಯನ್ನು ಇಲ್ಲಿ ಹೇಳದಿದ್ದರೆ ವಹಿಯು ಅರ್ಧವಾದೀತು. ನಮ್ಮ ಸೀಮೆಯ ಉಳ್ಳವರ ಮನೆಗಳಲ್ಲಿ ಹಗೇವುಗಳಿದ್ದವು. ನೆಲದೊಳಗೆ ತೋಡಿದ, ಬಾಯಿ ಕಿರಿದು ಹೊಟ್ಟೆ ದೊಡ್ಡದಾದ ಕಣಜ. ತಳಕ್ಕೂ ಮಗ್ಗುಲಿಗೂ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಂದೆರಡು ವರುಷ ಹುಳ ಬೀಳದೆ ನಿಲ್ಲುತ್ತಿತ್ತು. ತೆಗೆಯುವಾಗ ಎಚ್ಚರ ಬೇಕು. ಒಳಗಿನ ಕೆಟ್ಟ ಗಾಳಿ ಹೋಗುವ ವರೆಗೆ ಬಾಯಿ ತೆರೆದು ಬಿಟ್ಟು, ದೀಪವನ್ನು ಇಳಿಸಿ ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅವಸರ ಮಾಡಿ ಇಳಿದವರು ಹೆಣವಾಗಿ ಬಂದದ್ದುಂಟು. ಹಗೇವು ಇಲ್ಲದ ಬಡವನು ಬರಗಾಲದಲ್ಲಿ ಹಗೇವು ಉಳ್ಳವನ ಕಟ್ಟೆಯ ಕೆಳಗೆ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತೆಂಬುದನ್ನೂ ಮರೆಯಬಾರದು. ಪಡಿತರದ ಅಂಗಡಿಯು ಆ ಅವಮಾನವನ್ನು ತಪ್ಪಿಸಿತು. ಇದು ನಮ್ಮ ಕಾಲದ ದೊಡ್ಡ ಪುಣ್ಯಕಾರ್ಯಗಳಲ್ಲೊಂದು. ಬಡವನು ಕಾರ್ಡು ತೋರಿಸಿ ತನ್ನ ಹಕ್ಕಿನ ಅಕ್ಕಿಯನ್ನು ತೆಗೆದುಕೊಂಡು ಬರುವನು; ಯಾರಿಗೂ ಕೈಮುಗಿಯಬೇಕಾಗಿಲ್ಲ.

ಆದರೆ ಈಗ ಕೈ ಮುಗಿಯದಿದ್ದರೂ ಕೈ ಒತ್ತಬೇಕು. ಸುಳ್ಳು ಕಾರ್ಡುಗಳನ್ನೂ ನಡುವಿನ ಕಳವನ್ನೂ ತಡೆಯುವ ಸದುದ್ದೇಶದಿಂದ ಹೆಬ್ಬೆಟ್ಟಿನ ಯಂತ್ರವನ್ನು ಇಟ್ಟರು. ಮಣ್ಣು, ಕಲ್ಲು, ಸಿಮೆಂಟುಗಳಲ್ಲಿ ದುಡಿದ ಬೆರಳುಗಳ ಗೆರೆ ಸವೆದು ಹೋಗುವದು, ಮುಪ್ಪಿನಿಂದಲೂ ಸವೆಯುವದು. ಹೀಗಾಗಿ ಯಂತ್ರಕ್ಕೆ ಗುರುತು ಹತ್ತದಿರುವ ಬೆರಳು ಹೆಚ್ಚಾಗಿ ಯಾರದು? ಜೀವಮಾನವೆಲ್ಲ ದುಡಿದವರದು. ಒಂದು ಹಳ್ಳಿಯ ಅಂಗಡಿಯ ಮುಂದೆ ಎಲೆಬಳ್ಳಿಯ ತೋಟದಲ್ಲಿ ಕೂಲಿ ಮಾಡಿ ಮುದುಕಿಯಾದ ಒಬ್ಬಳು ನಿಂತಿದ್ದುದನ್ನು ನಾವು ಕಂಡೆವು. “ಯಮ್ಮಾ, ಇನ್ನೊಮ್ಮೆ ಒತ್ತಬೇ,” ಎಂದು ಅಂಗಡಿಯ ಹುಡುಗನು ಸಮಾಧಾನದಿಂದಲೇ ಹೇಳುತ್ತಿದ್ದನು. “ಒತ್ತೀನೋ ಯಪ್ಪಾ. ಹತ್ತೂ ಬೆಟ್ಟು ಒತ್ತಿದೆ. ಹನ್ನೊಂದನೇದು ಎಲ್ಲಿಂದ ತರ್ಲಿ?” ಎಂದಳು. ಫೋನಿಗೆ ಬರುವ ಓಟಿಪಿಯನ್ನು ಹೇಳಿದರೂ ಆಗುತ್ತದೆ, ಆದರೆ ಆ ನಂಬರು ಇರುವ ಫೋನು ಹುಬ್ಬಳ್ಳಿಗೆ ದುಡಿಯಲು ಹೋದ ಮಗನ ಕಿಸೆಯಲ್ಲಿ.

ನಮಗೆ ನೆನಪಾದದ್ದು ಬೇರೆ. ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾದ ಮೇಲಿನ ವರುಷಗಳಲ್ಲಿ ನಮ್ಮಂಥ ಶಿಕ್ಷಕರು ರಾತ್ರಿ ಕಂದೀಲು ಹಿಡಿದು ಓಣಿಗಳಿಗೆ ಹೋಗಿ ದೊಡ್ಡವರಿಗೆ ಅಕ್ಷರ ಕಲಿಸಿದೆವು. ಹೆಬ್ಬೆಟ್ಟು ಒತ್ತುವದು ನಾಚಿಕೆ, ಸಹಿ ಮಾಡುವದು ಮರ್ಯಾದೆ ಎಂದು ಹೇಳಿಕೊಟ್ಟೆವು. ನಡುಗುವ ಕೈಯಿಂದ ತಮ್ಮ ಹೆಸರಿನ ಮೂರಕ್ಷರ ಬರೆದು ಕಣ್ಣಲ್ಲಿ ನೀರು ತಂದುಕೊಂಡವರನ್ನು ನಾವು ಬಲ್ಲೆವು. ಆ ಸಹಿಯನ್ನು ಈಗಿನ ಯಂತ್ರವು ಓದುವದಿಲ್ಲ. ಅದಕ್ಕೆ ಮತ್ತೆ ಹೆಬ್ಬೆಟ್ಟೇ ಬೇಕು.

ಯಂತ್ರವು ಸರಿಯಾಗಿದ್ದರೂ ಒಮ್ಮೊಮ್ಮೆ ‘ಸರ್ವರ್ ಇಲ್ಲ’ವೆಂಬ ಉತ್ತರ ದೊರೆಯುವದು. ಸರ್ವೇಶ್ವರನು ಎಲ್ಲೆಲ್ಲಿಯೂ ಇರುವನೆಂದು ಹಿರಿಯರಿಂದ ಕೇಳಿದ್ದೆವು. ಈ ಸರ್ವರನು ಬೇಕಾದಾಗಲೇ ಇರುವದಿಲ್ಲ. ಉತಾರಿಯ ಕತೆಯೂ ಇಂಥದೇ. ಮುಂಬಯಿ ಪ್ರಾಂತದ ವಂಶಪಾರಂಪರ್ಯದ ಕುಲಕರ್ಣಿ ವತನವನ್ನು ೧೯೫೦ರ ಕಾಯಿದೆಯು ತೆಗೆಯಿತು. ಆಮೇಲೆ ತಲಾಠಿ, ಅದಾದ ಮೇಲೆ ಭೂಮಿ ಯೋಜನೆಯ ಗಣಕಯಂತ್ರ. ಈಗ ಉತಾರಿಗಾಗಿ ಯಾರ ಮನೆಯ ಕಟ್ಟೆ ಕಾಯಬೇಕಾಗಿಲ್ಲ, ಕೆಲವು ರೂಪಾಯಿಗಳಿಗೆ ಅಚ್ಚಾದ ಕಾಗದವೇ ಸಿಗುವದು. ಆದರೆ ಹೆಸರಿನ ಒಂದಕ್ಷರ ತಪ್ಪಿದ್ದರೆ ಅದನ್ನು ತಿದ್ದಿಸುವವನು ತಾಲೂಕಿನ ಊರಿಗೆ ಎಷ್ಟು ಬಸ್ಸು ಹತ್ತಬೇಕೋ ತಿಳಿಯದು. ತಪ್ಪು ಮಾಡಿದ ಕುಲಕರ್ಣಿಯೊಡನೆ ಜಗಳವನ್ನಾದರೂ ಆಡಬಹುದಾಗಿತ್ತು.

ಇಷ್ಟು ಬರೆದ ಮೇಲೆ, ಹಾಗಾದರೆ ಮನೆ ಹಿಡಿದವರು ಏನು ಮಾಡಬೇಕೆಂದು ಓದುಗರು ಕೇಳುವರು. ಸ್ಲ್ಯಾಬನ್ನು ಒಡೆದು ಮಾಳಿಗೆ ಹಾಕಿರೆಂದು ಹೇಳುವಷ್ಟು ಅವಿವೇಕ ನಮ್ಮಲ್ಲಿಲ್ಲ. ಆದರೆ ಸ್ಲ್ಯಾಬಿನಲ್ಲಿ ಮಾಳಿಗೆಗೆ ಇಲ್ಲದ ಒಂದು ಗುಣವಿದೆ, ಅದನ್ನು ನಾವು ಬಳಸಿಕೊಂಡಿಲ್ಲ. ಮಣ್ಣಿನ ಮಾಳಿಗೆಯಿಂದ ಇಳಿಯುವ ನೀರು ರಾಡಿ; ಸ್ಲ್ಯಾಬಿನಿಂದ ಇಳಿಯುವದು ಶುದ್ಧ. ಶಾಲೆಯ ಹುಡುಗರಿಗೆ ಕೊಡುವಂಥ ಒಂದು ಲೆಕ್ಕವನ್ನು ಇಲ್ಲಿ ಮಾಡಿ ತೋರಿಸುವೆವು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ೩೦ ಅಡಿಗೆ ೪೦ ಅಡಿಯ ಸ್ಲ್ಯಾಬು ಸುಮಾರು ೧೧೧ ಚದರ ಮೀಟರು. ವರುಷಕ್ಕೆ ೬೦೦ ಮಿಲಿಮೀಟರು ಮಳೆಯೆಂದು ಕೈಹಿಡಿದೇ ಲೆಕ್ಕ ಮಾಡಿದರೂ ೬೬,೦೦೦ ಲೀಟರಿಗೆ ಮೇಲಾಯಿತು. ಇಂಗಿ ಆರಿ ಹೋಗುವದಕ್ಕೆ ಐದರಲ್ಲೊಂದು ಪಾಲು ಬಿಟ್ಟರೂ ೫೩,೦೦೦ ಲೀಟರು ಉಳಿಯಿತು. ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬೊಬ್ಬನಿಗೆ ದಿನಕ್ಕೆ ೫೫ ಲೀಟರು ಬೇಕೆಂದು ಹಿಡಿದಿದೆ. ಐದು ಮಂದಿಯ ಮನೆಗೆ ೨೭೫ ಲೀಟರು. ಭಾಗಿಸಿ ನೋಡಿದರೆ ಆರು ತಿಂಗಳಿಗೆ ಮಿಕ್ಕಿದ ನೀರು ನಮ್ಮ ತಲೆಯ ಮೇಲಿಂದಲೇ ಗಟಾರಕ್ಕೆ ಇಳಿದು ಹೋಗುತ್ತಿದೆ. ೨೦೨೩ರಲ್ಲಿ ಮಳೆ ಕೈಕೊಟ್ಟು ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದಾಗ, ಟ್ಯಾಂಕರಿನ ಹಾದಿ ಕಾಯುತ್ತ ನಿಂತವರ ಮನೆಗಳ ಮೇಲೆಯೂ ಹಿಂದಿನ ವರುಷದ ಮಳೆ ಬಿದ್ದು ಹರಿದು ಹೋಗಿತ್ತು.

ಅಷ್ಟನ್ನೂ ಹಿಡಿದಿಡುವ ಹೌದವನ್ನು ಎಲ್ಲರೂ ಕಟ್ಟಿಸಲಾರರು, ನಾವೂ ಕಟ್ಟಿಸಿಲ್ಲ. ಹತ್ತು ಸಾವಿರ ಲೀಟರಿನ ಹೌದವಾದರೂ ಕುಡಿಯುವದಕ್ಕೆ, ಅಡಿಗೆಗೆ ಬೇಸಿಗೆಯನ್ನು ದಾಟಿಸೀತು. ಮಿಕ್ಕದ್ದನ್ನು ಹಿತ್ತಲಿನ ಹಳೆಯ ಬಾವಿಗೆ ಬಿಡಬಹುದು. ಅನೇಕ ಮನೆಗಳಲ್ಲಿ ಆ ಬಾವಿಯು ಈಗ ಕಸದ ಗುಂಡಿಯಾಗಿದೆ. ಮೊದಲು ಅದನ್ನು ಬರಿದು ಮಾಡಿಸಬೇಕು. ಹೌದ ಕಟ್ಟಿಸುವವರು ಮೂರು ಸಂಗತಿಗಳನ್ನು ಮರೆಯಬಾರದು. ಮುಂಗಾರಿನ ಮೊದಲ ಎರಡು ಮೂರು ಮಳೆಯ ನೀರು ಸ್ಲ್ಯಾಬನ್ನು ತೊಳೆದು ಬರುವದರಿಂದ ಅದನ್ನು ಹೊರಗೆ ಬಿಡಬೇಕು. ಕೊಳವೆಯ ಬಾಯಿಗೆ ಜಲ್ಲಿ, ಉಸುಕು, ಇದ್ದಿಲುಗಳ ಸೋಸುವ ಪೆಟ್ಟಿಗೆಯಿರಬೇಕು. ಹೌದಕ್ಕೆ ಸೊಳ್ಳೆ ನುಸುಳದಂಥ ಗಟ್ಟಿ ಮುಚ್ಚಳ ಬೇಕು, ಡೆಂಗಿ ಜ್ವರದ ಸೊಳ್ಳೆಗೆ ಶುದ್ಧವಾದ ನಿಂತ ನೀರೇ ಇಷ್ಟ. ನಮ್ಮ ಮನೆಯಲ್ಲಿ ಸದ್ಯಕ್ಕೆ ಸ್ಲ್ಯಾಬಿನ ಕೊಳವೆಯನ್ನು ಬೀದಿಯಿಂದ ಹಿತ್ತಲ ಕಡೆಗೆ ತಿರುಗಿಸಿ ಬಾವಿಗೆ ಬಿಟ್ಟಿದ್ದೇವೆ. ಗೌಂಡಿಯು ಅರ್ಧ ದಿನದ ಕೆಲಸವೆಂದನು. ಬಂದು ಹೋಗುವದರಲ್ಲಿ ಎರಡು ದಿನವಾಯಿತು.